ರಷ್ಯಾದ ಹಳೆಯ ವರ್ತಕ ಮನೆತನಗಳು: ಬಂಧುತ್ವ ಮತ್ತು ವ್ಯಾಪಾರ ಜ್ಞಾನ

ವ್ಯಾಪಾರ ಮಾಡಲು ಬಂಡವಾಳ ಬೇಕು. ಆದರೆ ಬಂಡವಾಳ ಮಾತ್ರ ಇದ್ದರೆ ವ್ಯಾಪಾರ ಮೂರು ತಲೆಮಾರು ನಡೆಯುವುದಿಲ್ಲ. ಸರಕಿನ ಗುಣ ಗುರುತಿಸುವ ಕಣ್ಣು, ಯಾರಿಗೆ ಎಷ್ಟು ಉದ್ದರಿ ಕೊಡಬಹುದು ಎಂಬ ಅಂದಾಜು, ಹೇಳಿದ ದಿನಕ್ಕೆ ಹಣ ತಲುಪಿಸುವ ರೂಢಿ, ದೂರದ ಊರಿನಲ್ಲಿ ನಂಬಿಕಸ್ಥ ಮನುಷ್ಯ, ಇವೆಲ್ಲವೂ ಬೇಕು. ಬ್ಯಾಂಕುಗಳೂ ವಾಣಿಜ್ಯ ಶಾಲೆಗಳೂ ಅಪರೂಪವಾಗಿದ್ದ ಕಾಲದಲ್ಲಿ ಇವು ಸಿಗುತ್ತಿದ್ದುದು ಹೆಚ್ಚಾಗಿ ಮನೆಯಿಂದ ಮತ್ತು ಬಂಧುಬಳಗದಿಂದ.

ರಷ್ಯಾದ ವರ್ತಕ ಮನೆತನಗಳ ಇತಿಹಾಸ ಇದಕ್ಕೆ ಒಳ್ಳೆಯ ಉದಾಹರಣೆ. ಜಮೀನುದಾರನ ಜೀತದಾಳಾಗಿದ್ದವರ ಮಕ್ಕಳು ಅಲ್ಲಿ ಗಿರಣಿಗಳ ಒಡೆಯರಾದರು. ತಂದೆ ಕಟ್ಟಿದ ವ್ಯಾಪಾರವನ್ನು ಮಗ ಕೆಲವೇ ವರ್ಷಗಳಲ್ಲಿ ಕಳೆದುಕೊಂಡದ್ದೂ ಉಂಟು. ಮನೆತನ ಏಳುವುದಕ್ಕೂ ಬೀಳುವುದಕ್ಕೂ ಕಾರಣಗಳು ಬಹುಪಾಲು ಮನೆಯೊಳಗೇ ಇದ್ದವು.

ಬೀದರಿಗೆ ಬಂದ ರಷ್ಯನ್ ವರ್ತಕ

ರಷ್ಯಾದ ವರ್ತಕರಲ್ಲಿ ಕರ್ನಾಟಕಕ್ಕೆ ಹತ್ತಿರದ ಹೆಸರು ಅಫನಾಸಿ ನಿಕಿತಿನ್. ವೋಲ್ಗಾ ನದಿಯ ದಡದ ತ್ವೇರ್ ಪಟ್ಟಣದ ಇವರು ಸುಮಾರು 1470ರ ವೇಳೆಗೆ ಬಹಮನಿ ಸುಲ್ತಾನರ ರಾಜಧಾನಿ ಬೀದರಿಗೆ ಬಂದಿದ್ದರು. ಹೊರಟಿದ್ದು ಭಾರತಕ್ಕಲ್ಲ, ಕ್ಯಾಸ್ಪಿಯನ್ ಸಮುದ್ರದ ಕಡೆಯ ವ್ಯಾಪಾರಕ್ಕೆ. ಅಸ್ತ್ರಾಖಾನ್ ಹತ್ತಿರ ದರೋಡೆಯಾಗಿ ಸರಕೆಲ್ಲ ಹೋಯಿತು.

ಆಗ ಜೊತೆಗಾರರು ಏನು ಮಾಡಿದರು ಎಂಬುದನ್ನು ನಿಕಿತಿನ್ ತಮ್ಮ ಟಿಪ್ಪಣಿಯಲ್ಲಿ ಬರೆದಿದ್ದಾರೆ. ಊರಿನಲ್ಲಿ ಸ್ವಲ್ಪವಾದರೂ ಆಸ್ತಿ ಉಳಿದಿದ್ದವರು ಹಿಂದಿರುಗಿದರು. ಸಾಲ ತಂದು ಸರಕು ಹೊತ್ತು ಬಂದಿದ್ದವರು ಊರಿಗೆ ಮುಖ ತೋರಿಸಲಾಗದೆ ದಿಕ್ಕು ದಿಕ್ಕಿಗೆ ಹೊರಟುಹೋದರು. ನಿಕಿತಿನ್ ಮುಂದೆ ಸಾಗಿದರು. ಒಂದು ಕುದುರೆಯನ್ನು ಹಡಗಿನಲ್ಲಿ ಭಾರತಕ್ಕೆ ತಂದು, ಬಹಳ ಕಷ್ಟದ ನಂತರ ಬೀದರಿನಲ್ಲಿ ಮಾರಿದರು. ಮೆಣಸು ಮತ್ತು ಬಣ್ಣ ಇಲ್ಲಿ ಅಗ್ಗ, ಆದರೆ ಸುಂಕ ಜಾಸ್ತಿ, ಸಮುದ್ರದಲ್ಲಿ ಕಳ್ಳರ ಕಾಟ, ರಷ್ಯಾಕ್ಕೆ ಒಯ್ಯುವಂಥ ಸರಕು ಹೆಚ್ಚಿಲ್ಲ ಎಂದು ಲೆಕ್ಕ ಹಾಕಿದರು.

ಮರಳುವ ದಾರಿಯಲ್ಲಿ, ಸ್ಮೊಲೆನ್ಸ್ಕ್ ತಲುಪುವ ಮೊದಲೇ ಅವರು ತೀರಿಕೊಂಡರು. ಅವರ ಟಿಪ್ಪಣಿಗಳನ್ನು ಮಾಸ್ಕೋಗೆ ಮುಟ್ಟಿಸಿದವರು ಬೇರೆ ವರ್ತಕರು. ಒಬ್ಬ ವರ್ತಕ ಎಷ್ಟೇ ಧೈರ್ಯವಂತನಾದರೂ ನಷ್ಟ ಬಂದಾಗ ಹಿಂದೆ ನಿಲ್ಲುವವರಿಲ್ಲದಿದ್ದರೆ ಊರಿಗೆ ಮರಳುವುದೂ ಕಷ್ಟ ಎಂಬುದು ಈ ಪ್ರಯಾಣದಿಂದ ತಿಳಿಯುತ್ತದೆ. ಮುಂದಿನ ಶತಮಾನಗಳಲ್ಲಿ ರಷ್ಯಾದ ವರ್ತಕರು ಕುಟುಂಬವನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದು ಇದೇ ಕಾರಣಕ್ಕೆ.

ಕಾನೂನಿನ ಕಣ್ಣಿನಲ್ಲಿ ಕುಟುಂಬವೇ ಅಂಗಡಿ

1775ರಲ್ಲಿ ಕ್ಯಾಥರೀನ್ ಮಹಾರಾಣಿಯ ಸರ್ಕಾರ ವರ್ತಕರನ್ನು ಮೂರು ಗಿಲ್ಡ್‌ಗಳಾಗಿ, ಎಂದರೆ ಮೂರು ದರ್ಜೆಗಳಾಗಿ ವಿಂಗಡಿಸಿತು. 1785ರ ನಗರ ಸನ್ನದಿನ ಪ್ರಕಾರ 10,000 ರೂಬಲ್‌ಗಿಂತ ಹೆಚ್ಚು ಬಂಡವಾಳ ಘೋಷಿಸಿದವರು ಮೊದಲ ಗಿಲ್ಡ್, 5,000ದಿಂದ 10,000 ರೂಬಲ್‌ನವರು ಎರಡನೆಯದು, 1,000ದಿಂದ 5,000 ರೂಬಲ್‌ನವರು ಮೂರನೆಯದು. ಬಂಡವಾಳ ಎಷ್ಟೆಂದು ವರ್ತಕರು ತಮ್ಮ ಆತ್ಮಸಾಕ್ಷಿಯಂತೆ ಹೇಳಬೇಕಿತ್ತು, ಅದರ ಮೇಲೆ ಶೇಕಡಾ 1ರಷ್ಟು ತೆರಿಗೆ ಕಟ್ಟಬೇಕಿತ್ತು.

ಈ ಬಂಡವಾಳ ಬರೆಸುತ್ತಿದ್ದುದು ಮನೆಯ ಯಜಮಾನರ ಹೆಸರಿನಲ್ಲಿ. ಕೂಡಿ ಬಾಳುವ ಮಕ್ಕಳು, ಕೆಲವೊಮ್ಮೆ ತಮ್ಮಂದಿರು, ಎಲ್ಲರೂ ಅದೇ ಪತ್ರದಲ್ಲಿ ಸೇರುತ್ತಿದ್ದರು. ಮನೆ ಒಡೆದು ಪಾಲಾದರೆ ಪ್ರತಿಯೊಬ್ಬರೂ ಬೇರೆ ಬೇರೆ ಬಂಡವಾಳ ತೋರಿಸಿ ಬೇರೆ ಬೇರೆ ತೆರಿಗೆ ಕಟ್ಟಬೇಕು. ಆದ್ದರಿಂದ ಒಟ್ಟಾಗಿ ಇರುವುದು ಪ್ರೀತಿಯ ವಿಷಯವಷ್ಟೇ ಆಗಿರಲಿಲ್ಲ, ಲೆಕ್ಕದ ವಿಷಯವೂ ಆಗಿತ್ತು.

ಗಿಲ್ಡ್ ವರ್ತಕರಿಗೆ ತಲೆಗಂದಾಯ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ ಅವರ ಮಕ್ಕಳನ್ನು ಸೈನ್ಯಕ್ಕೆ ಎಳೆದೊಯ್ಯುವಂತಿರಲಿಲ್ಲ. ಸಿಪಾಯಿಯಾಗಿ ಹೋದವರು 25 ವರ್ಷ ದುಡಿಯಬೇಕಿದ್ದ ಕಾಲ ಅದು. ಗಿಲ್ಡ್ ಪತ್ರವನ್ನು ಪ್ರತಿ ವರ್ಷ ನವೀಕರಿಸಬೇಕಿತ್ತು. ಒಂದು ವರ್ಷ ವ್ಯಾಪಾರ ಕೆಟ್ಟು ತೆರಿಗೆ ಕಟ್ಟಲಾಗದಿದ್ದರೆ ಕುಟುಂಬ ಸಾಮಾನ್ಯ ಪಟ್ಟಣಿಗರ ದರ್ಜೆಗೆ ಇಳಿಯುತ್ತಿತ್ತು. ಅಂಗಡಿ ಮುಳುಗಿದರೆ ಮಗ ಸಿಪಾಯಿಯಾಗಬೇಕಾದೀತು ಎಂಬ ಭಯ ಪ್ರತಿ ಮನೆಯಲ್ಲಿಯೂ ಇತ್ತು.

ಅಂಗಡಿಯೇ ಪಾಠಶಾಲೆ

ವರ್ತಕರ ಮನೆಯ ಹುಡುಗರು ಚಿಕ್ಕ ವಯಸ್ಸಿನಲ್ಲಿಯೇ ಅಂಗಡಿಗೆ ಬರುತ್ತಿದ್ದರು. ಮೊದಲು ಕಸ ಗುಡಿಸುವುದು, ಚಹಾ ತರುವುದು, ಸರಕು ಎತ್ತಿಕೊಡುವುದು. ಆಮೇಲೆ ಅಳತೆ, ತೂಕ, ಗಿರಾಕಿಯೊಂದಿಗೆ ಮಾತು. ಮರದ ಚೌಕಟ್ಟಿನಲ್ಲಿ ಮಣಿ ಸರಿಸಿ ಲೆಕ್ಕ ಮಾಡುವುದನ್ನು ಬೆರಳಿಗೆ ರೂಢಿಸಿಕೊಳ್ಳಬೇಕಿತ್ತು. ಪಳಗಿದ ಮೇಲೆ ಗುಮಾಸ್ತರ ಜೊತೆ ಸಂತೆ, ಜಾತ್ರೆ, ಬಂದರುಗಳಿಗೆ ಪ್ರಯಾಣ. ಹೊರಗಿನಿಂದ ಕೆಲಸಕ್ಕೆ ಸೇರಿದ ಬಡ ಹುಡುಗರೂ ಇದೇ ಮೆಟ್ಟಿಲು ಹತ್ತಿ ಗುಮಾಸ್ತರಾಗುತ್ತಿದ್ದರು. ಅವರಲ್ಲಿ ಕೆಲವರು ಮುಂದೆ ಸ್ವಂತ ಅಂಗಡಿ ಇಟ್ಟರು.

ದೊಡ್ಡ ಪಾಠ ಸಿಗುತ್ತಿದ್ದುದು ನಿಜ್ನಿ ನೋವ್‌ಗೊರೊದ್ ಪಟ್ಟಣದ ವ್ಯಾಪಾರದ ಜಾತ್ರೆಯಲ್ಲಿ. ಇದು ಮೊದಲು ಮಕಾರ್ಯೆವ್ ಮಠದ ಬಳಿ ನಡೆಯುತ್ತಿತ್ತು. 1816ರ ಬೆಂಕಿಯ ನಂತರ 1817ರಿಂದ ನಿಜ್ನಿಗೆ ಬಂತು. ಬೇಸಿಗೆಯ ಕೊನೆಯಲ್ಲಿ ಸೇರುತ್ತಿದ್ದ ಈ ಜಾತ್ರೆಗೆ ಚಹಾ, ಬಟ್ಟೆ, ಕಬ್ಬಿಣ, ತುಪ್ಪುಳದ ಚರ್ಮ ಎಲ್ಲವೂ ಬರುತ್ತಿದ್ದವು. ಬಹಳಷ್ಟು ಸರಕು ಉದ್ದರಿಯ ಮೇಲೆ ಕೈ ಬದಲಾಯಿಸುತ್ತಿತ್ತು, ಬಾಕಿ ತೀರಿಸುವ ಗಡುವು ಮುಂದಿನ ಜಾತ್ರೆ. ಒಂದು ವರ್ಷದ ಬಾಕಿಯನ್ನು ನಂಬಿಕೆಯ ಮೇಲೆ ಬಿಡಬೇಕಾದರೆ ಎದುರಿನವನ ತಂದೆ ಯಾರು, ಮಾವ ಯಾರು, ಹಿಂದಿನ ಜಾತ್ರೆಯಲ್ಲಿ ಹೇಗೆ ನಡೆದುಕೊಂಡ ಎಂಬುದೆಲ್ಲ ತಿಳಿದಿರಬೇಕು. ಇಲ್ಲಿಯ ಹುಂಡಿಯನ್ನು ಹೋಲುವ ಪತ್ರ ವ್ಯವಹಾರಕ್ಕೆ 1729ರಿಂದಲೇ ರಷ್ಯಾದಲ್ಲಿ ಕಾನೂನು ಇತ್ತು. ಆದರೂ ಬಾಯಿಮಾತಿನ ಒಪ್ಪಂದಕ್ಕೆ ವರ್ತಕರು ಕೊಡುತ್ತಿದ್ದ ಬೆಲೆ ದೊಡ್ಡದು. ಮಾತು ತಪ್ಪಿದವರಿಗೆ ಮುಂದಿನ ವರ್ಷ ಸರಕು ಹುಟ್ಟುತ್ತಿರಲಿಲ್ಲ.

ಚೀನಾ ಗಡಿಯ ಕ್ಯಾಖ್ತಾದಲ್ಲಿ ಬೇರೆ ಬಗೆಯ ಜ್ಞಾನ ಬೇಕಿತ್ತು. 1727ರ ಒಪ್ಪಂದದ ನಂತರ ಬೆಳೆದ ಈ ಊರಿನಲ್ಲಿ ಬಹುಕಾಲ ಹಣ ಬಳಸದೆ, ತುಪ್ಪುಳದ ಚರ್ಮ ಮತ್ತು ಬಟ್ಟೆ ಕೊಟ್ಟು ಚಹಾ ಪಡೆಯುವ ವಿನಿಮಯ ನಡೆಯುತ್ತಿತ್ತು. ರಷ್ಯನ್ ಪದಗಳನ್ನು ಚೀನೀ ಧಾಟಿಯಲ್ಲಿ ಬೆರೆಸಿದ ಒಂದು ಸಂತೆಯ ಭಾಷೆಯೇ ಅಲ್ಲಿ ಹುಟ್ಟಿತು. ಚಹಾದ ಪೆಟ್ಟಿಗೆಗಳನ್ನು ಹಸಿ ಚರ್ಮದಲ್ಲಿ ಹೊಲಿದು ತಿಂಗಳುಗಟ್ಟಲೆ ದಾರಿಗೆ ಸಿದ್ಧ ಮಾಡುತ್ತಿದ್ದರು.

ಮಾಸ್ಕೋದ ಪ್ಯೋತ್ರ್ ಬೋತ್ಕಿನ್ ಚಹಾ ವ್ಯಾಪಾರದಲ್ಲಿ ಹೆಸರು ಮಾಡಿದವರು. ಅವರ ಹಿರಿಯ ಮಗ ವಸೀಲಿ ತಂದೆಯ ಚಹಾ ಉಗ್ರಾಣದ ಕೆಲಸ ನೋಡಿಕೊಳ್ಳುತ್ತಲೇ ಸಾಹಿತ್ಯ ವಿಮರ್ಶಕರಾದರು. ಇನ್ನೊಬ್ಬ ಮಗ ಸೆರ್ಗೇಯ್ ರಷ್ಯಾದ ಪ್ರಸಿದ್ಧ ವೈದ್ಯರಾದರು. ಅಣ್ಣಂದಿರು ವ್ಯಾಪಾರ ಹಿಡಿದು ನಿಂತದ್ದರಿಂದ ತಮ್ಮಂದಿರಿಗೆ ಓದುವ ಅವಕಾಶ ಸಿಕ್ಕಿತು.

ಲೆಕ್ಕ ಮುಚ್ಚಿಟ್ಟ ಮಗ

ಜ್ಞಾನ ಸಿಕ್ಕಿದರೂ ಅದು ಉಳಿಯುತ್ತದೆ ಎಂಬ ಖಾತರಿಯಿಲ್ಲ. ಮಾಸ್ಕೋ ಹತ್ತಿರದ ದ್ಮಿತ್ರೊವ್ ಪಟ್ಟಣದ ಇವಾನ್ ತೊಲ್ಚೆನೊವ್ ಅವರ ಕಥೆ ಇದನ್ನು ತೋರಿಸುತ್ತದೆ. 1754ರಲ್ಲಿ ಹುಟ್ಟಿದ ಇವರು ಹಲವು ದಶಕ ದಿನಚರಿ ಬರೆದರು. ಆದ್ದರಿಂದ ಅವರ ಬದುಕು ಇಂದಿಗೂ ವಿವರವಾಗಿ ತಿಳಿಯುತ್ತದೆ.

ತಂದೆಯದು ಧಾನ್ಯದ ವ್ಯಾಪಾರ. ವೋಲ್ಗಾ ಕಡೆ ಧಾನ್ಯ ಕೊಂಡು, ನದಿ ಮತ್ತು ಕಾಲುವೆಗಳ ದಾರಿಯಲ್ಲಿ ದೋಣಿಗಳಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಸಾಗಿಸುವುದು. ಯಾವಾಗ ಕೊಳ್ಳಬೇಕು, ನೀರು ಎಷ್ಟಿದ್ದರೆ ದೋಣಿ ಬಿಡಬೇಕು, ಯಾರನ್ನು ನಂಬಬೇಕು ಎಂಬುದನ್ನೆಲ್ಲ ಇವಾನ್ ಹುಡುಗನಿದ್ದಾಗಲೇ ಪ್ರಯಾಣದಲ್ಲಿ ಕಲಿತರು. 1779ರಲ್ಲಿ ತಂದೆ ತೀರಿಕೊಂಡಾಗ ಕೈಯಲ್ಲಿ ಒಳ್ಳೆಯ ವ್ಯಾಪಾರ ಇತ್ತು.

ನಂತರ ದೊಡ್ಡ ಮನೆ ಕಟ್ಟಿದರು, ತೋಟ, ಗಾಜಿನ ಸಸ್ಯಮನೆ ಮಾಡಿದರು, ಊರಿನ ಗಣ್ಯರಿಗೆ ಔತಣ ಕೊಟ್ಟರು, ಇಸ್ಪೀಟು ಆಡಿದರು. ವ್ಯಾಪಾರದಲ್ಲಿ ನಷ್ಟ ಬಂದಾಗಲೂ ಖರ್ಚು ತಗ್ಗಿಸಲಿಲ್ಲ. ಸಾಲ ಕೊಟ್ಟವರಿಗೆ ನಿಜಸ್ಥಿತಿ ತಿಳಿಸದೆ ದಿನ ದೂಡಿದರು. 1790ರ ದಶಕದಲ್ಲಿ ವ್ಯಾಪಾರ ಕುಸಿದು, ಊರು ಬಿಟ್ಟು ಮಾಸ್ಕೋ ಸೇರಬೇಕಾಯಿತು. ಧಾನ್ಯದ ವಿದ್ಯೆ ಅವರಿಗೆ ಚೆನ್ನಾಗಿಯೇ ಬರುತ್ತಿತ್ತು. ಲೆಕ್ಕದ ಪುಸ್ತಕವನ್ನು ಇನ್ನೊಬ್ಬರ ಮುಂದೆ ತೆರೆದಿಡುವ ರೂಢಿ ಮಾತ್ರ ಇರಲಿಲ್ಲ. ತಂದೆ ಇರುವಾಗ ಕೇಳುವವರಿದ್ದರು, ತಂದೆ ಹೋದ ಮೇಲೆ ಯಾರೂ ಕೇಳಲಿಲ್ಲ.

ಅಳಿಯ, ಬೀಗರು ಮತ್ತು ಮನೆಯ ಹೆಣ್ಣುಮಕ್ಕಳು

ಮದುವೆಯ ಸಂಬಂಧಗಳಿಂದ ವ್ಯಾಪಾರಕ್ಕೆ ಹೊಸ ಬಂಡವಾಳ ಮತ್ತು ಹೊಸ ಕೈಗಳು ಬರುತ್ತಿದ್ದವು. ಮಾಸ್ಕೋದ ತ್ರೆತ್ಯಕೊವ್ ಮನೆತನವನ್ನು ನೋಡಬಹುದು. 1850ರಲ್ಲಿ ತಂದೆ ತೀರಿಕೊಂಡಾಗ ಪಾವೆಲ್ ಮತ್ತು ಸೆರ್ಗೇಯ್ ಇಬ್ಬರೂ ಇನ್ನೂ ಹದಿಹರೆಯದವರು. ತಾಯಿ ಅಲೆಕ್ಸಾಂದ್ರಾ ವ್ಯಾಪಾರದ ಹೊಣೆ ಹೊತ್ತರು. ಅಕ್ಕತಂಗಿಯರಲ್ಲಿ ಒಬ್ಬರಾದ ಎಲಿಜವೇತಾ ಅವರನ್ನು ಮದುವೆಯಾದ ವ್ಲದೀಮಿರ್ ಕೊನ್‌ಶಿನ್ ಮುಂದೆ ಪಾಲುದಾರರಾದರು. ಅಂಗಡಿಯ ಹೆಸರಿನಲ್ಲಿಯೇ ಅಣ್ಣತಮ್ಮಂದಿರ ಜೊತೆ ಅಳಿಯನ ಹೆಸರೂ ಸೇರಿತು. 1866ರಲ್ಲಿ ಇವರು ಕೊಸ್ತ್ರೊಮಾ ಪಟ್ಟಣದಲ್ಲಿ ನಾರುಬಟ್ಟೆಯ ದೊಡ್ಡ ಗಿರಣಿ ಆರಂಭಿಸಿದರು.

ತಂದೆ ಸತ್ತ ಮೇಲೆ ತಾಯಿ ವ್ಯಾಪಾರ ನಡೆಸುವುದು ಅಲ್ಲಿ ಅಪರೂಪವಲ್ಲ. ಮದುವೆಯಾದ ಹೆಣ್ಣು ತನ್ನ ಆಸ್ತಿಯನ್ನು ಗಂಡನ ಒಪ್ಪಿಗೆಯಿಲ್ಲದೆ ಮಾರಬಹುದು ಎಂದು ರಷ್ಯಾದಲ್ಲಿ 1753ರಲ್ಲಿಯೇ ಒಪ್ಪಿದ್ದರು. ವಿಧವೆ ತನ್ನ ಹೆಸರಿನಲ್ಲಿ ಗಿಲ್ಡ್ ಪತ್ರ ಪಡೆದು ವ್ಯಾಪಾರ ಮುಂದುವರಿಸಬಹುದಿತ್ತು. ಅಂಗಡಿಯ ಮಾತು ಮನೆಯಲ್ಲಿ ದಿನವೂ ಕೇಳುತ್ತಿದ್ದ ಹೆಂಗಸರಿಗೆ ವ್ಯವಹಾರ ಹೊಸದಾಗಿರಲಿಲ್ಲ.

ಚರ್ಮ ಹದ ಮಾಡುವ ಉದ್ಯಮದ ಬಖ್ರೂಶಿನ್ ಮನೆತನಕ್ಕೂ ಇಂಥದೇ ಪರೀಕ್ಷೆ ಬಂತು. 1848ರಲ್ಲಿ ಅಲೆಕ್ಸೇಯ್ ಬಖ್ರೂಶಿನ್ ಕಾಲರಾದಿಂದ ತೀರಿಕೊಂಡರು. ಆಸ್ತಿಯ ಜೊತೆ ಸಾಲವೂ ಇತ್ತು. ಆಸ್ತಿ ಬೇಡವೆಂದು ಬಿಟ್ಟುಕೊಟ್ಟರೆ ಸಾಲದಿಂದ ಪಾರಾಗಬಹುದೆಂದು ಪರಿಚಯದವರು ಸಲಹೆ ಕೊಟ್ಟರು. ಪತ್ನಿ ನತಾಲಿಯಾ ಮತ್ತು ಮೂವರು ಗಂಡುಮಕ್ಕಳು ಆ ಸಲಹೆ ಒಪ್ಪಲಿಲ್ಲ. ಸಾಲವನ್ನೂ ವ್ಯಾಪಾರವನ್ನೂ ಒಟ್ಟಿಗೆ ಹೊತ್ತು ತೀರಿಸಿದರು. ಮನೆತನದ ಹೆಸರಿಗೆ ಬಂದ ನಂಬಿಕೆ ಅಲ್ಲಿಂದ ಬೆಳೆಯಿತು.

ಹಳೆಯ ನಂಬಿಕೆಯವರ ಬಳಗ

ರಕ್ತಸಂಬಂಧದ ಆಚೆಗೂ ಒಂದು ಬಳಗ ಇತ್ತು. 17ನೇ ಶತಮಾನದ ಮಧ್ಯದಲ್ಲಿ ಧರ್ಮಗುರು ನಿಕೊನ್ ರಷ್ಯನ್ ಚರ್ಚಿನ ವಿಧಿಗಳನ್ನು ಬದಲಾಯಿಸಿದರು. ಹಳೆಯ ವಿಧಿ ಬಿಡದವರನ್ನು ಹಳೆಯ ನಂಬಿಕೆಯವರು ಎಂದು ಕರೆದರು. ಎರಡು ಬೆರಳಿನಿಂದ ಶಿಲುಬೆಯ ಗುರುತು ಮಾಡುವುದು ಅವರ ಕುರುಹು. ಸರ್ಕಾರದ ಕಿರುಕುಳವನ್ನು ಅವರು ತಲೆಮಾರುಗಳ ಕಾಲ ಅನುಭವಿಸಿದರು. ಸರ್ಕಾರಿ ಹುದ್ದೆಯ ದಾರಿ ಕಷ್ಟವಾಗಿದ್ದರಿಂದ ಹಲವರು ವ್ಯಾಪಾರದತ್ತ ತಿರುಗಿದರು.

1771ರ ಪ್ಲೇಗಿನ ಸಮಯದಲ್ಲಿ ಮಾಸ್ಕೋದಲ್ಲಿ ರೊಗೊಜ್‌ಸ್ಕಿ ಮತ್ತು ಪ್ರಿಯೊಬ್ರಝೆನ್ಸ್ಕಿ ಎಂಬ ಎರಡು ಸ್ಮಶಾನಗಳ ಸುತ್ತ ಇವರ ಕೇಂದ್ರಗಳು ಬೆಳೆದವು. ಅಲ್ಲಿ ಪ್ರಾರ್ಥನೆ, ಅನಾಥರ ಮತ್ತು ವೃದ್ಧರ ಆರೈಕೆ ನಡೆಯುತ್ತಿತ್ತು. ಕಷ್ಟದಲ್ಲಿದ್ದವರಿಗೆ ಸಮುದಾಯದ ಹಣದಿಂದ ನೆರವೂ ಸಿಗುತ್ತಿತ್ತು. ತಂಬಾಕು ಮುಟ್ಟದ, ಉಪವಾಸ ತಪ್ಪದ, ಓದು ಬರಹ ಬಲ್ಲ ಗುಮಾಸ್ತರು ಇಲ್ಲಿ ದೊರೆಯುತ್ತಿದ್ದರು. ಮೋಸ ಮಾಡಿದವನು ಪೊಲೀಸರಿಂದ ತಪ್ಪಿಸಿಕೊಂಡರೂ ತನ್ನ ಜನರ ಮುಂದೆ ತಲೆ ಎತ್ತುವಂತಿರಲಿಲ್ಲ.

ಇದಕ್ಕೂ ಬೆಲೆ ತೆರಬೇಕಾಯಿತು. 1855ರ ಆರಂಭದಿಂದ ಹಳೆಯ ನಂಬಿಕೆಯವರು ಗಿಲ್ಡ್ ಸೇರುವಂತಿಲ್ಲ ಎಂಬ ಆಜ್ಞೆ ಬಂತು. ಮಕ್ಕಳನ್ನು ಸೈನ್ಯದಿಂದ ಉಳಿಸಿಕೊಳ್ಳಲು ಹಲವು ಕುಟುಂಬಗಳು ಸರ್ಕಾರಿ ಚರ್ಚು ಒಪ್ಪುವ ಪಂಗಡಕ್ಕೆ ಹೆಸರು ಬರೆಸಿದವು. 1856ರಲ್ಲಿ ರೊಗೊಜ್‌ಸ್ಕಿಯ ಪೂಜಾಪೀಠಗಳಿಗೆ ಮೊಹರು ಬಿತ್ತು. ಅವು ಮತ್ತೆ ತೆರೆದದ್ದು 1905ರಲ್ಲಿ.

ಮೊರೊಜೊವ್: ಬೆಳೆದ ಮನೆ, ಒಡೆದ ಮನಸ್ಸು

ಮೇಲೆ ಹೇಳಿದ ಎಲ್ಲ ಶಕ್ತಿಗಳೂ ಕೂಡಿದ ಮನೆತನ ಮೊರೊಜೊವ್ ಅವರದು. 1770ರಲ್ಲಿ ಹುಟ್ಟಿದ ಸಾವ್ವಾ ಮೊರೊಜೊವ್ ಜಮೀನುದಾರನ ಜೀತದಾಳು, ರೇಷ್ಮೆ ಪಟ್ಟಿ ನೇಯುವವರು. ಪತ್ನಿ ಉಲಿಯಾನಾ ಬಣ್ಣ ಹಾಕುವ ಕೆಲಸ ಬಲ್ಲವರು. 1812ರ ಯುದ್ಧದಲ್ಲಿ ಮಾಸ್ಕೋ ಸುಟ್ಟುಹೋದ ಮೇಲೆ ಬಟ್ಟೆಗೆ ಬೇಡಿಕೆ ಹೆಚ್ಚಿತು. 1820ರಲ್ಲಿ 17,000 ರೂಬಲ್ ಕೊಟ್ಟು ಸಾವ್ವಾ ಜೀತದಿಂದ ಬಿಡಿಸಿಕೊಂಡರು. ಅವರ ಗಂಡುಮಕ್ಕಳಿಂದ ನಾಲ್ಕು ಕವಲುಗಳಾಗಿ ನಾಲ್ಕು ದೊಡ್ಡ ಗಿರಣಿ ಸಂಸ್ಥೆಗಳು ಬೆಳೆದವು.

ಇಲ್ಲಿ ಮನೆಯ ಜ್ಞಾನ ಸಾಲದಾದಾಗ ಹೊರಗಿನ ಜ್ಞಾನವನ್ನು ತರಿಸಿಕೊಂಡರು. ಜರ್ಮನಿಯ ಬ್ರೆಮೆನ್‌ನಲ್ಲಿ ಹುಟ್ಟಿ, ಮ್ಯಾಂಚೆಸ್ಟರ್‌ನಲ್ಲಿ ತರಬೇತಾಗಿ, 1839ರಲ್ಲಿ ರಷ್ಯಾಕ್ಕೆ ಬಂದ ಲುಡ್ವಿಗ್ ಕ್ನೋಪ್ ಮೊರೊಜೊವ್ ಗಿರಣಿಗೆ ಇಂಗ್ಲೆಂಡಿನ ಯಂತ್ರಗಳನ್ನು, ಕೆಲಸ ಬಲ್ಲವರನ್ನು ಒದಗಿಸಿದರು. ಮುಂದೆ ನೂರಕ್ಕೂ ಹೆಚ್ಚು ಗಿರಣಿಗಳಿಗೆ ಅವರೇ ಯಂತ್ರ ಹೊಂದಿಸಿಕೊಟ್ಟರು.

1873ರಲ್ಲಿ ಕಿರಿಯ ಮಗ ತಿಮೊಫೇಯ್ ಗಿರಣಿಯನ್ನು ಪಾಲುಗಳ ಸಂಸ್ಥೆಯಾಗಿ ಮಾಡಿದರು. ಹೊರಗೆ ಕಂಪನಿಯಂತೆ ಕಂಡರೂ ಪಾಲುಗಳು ಬಹುತೇಕ ಮನೆಯವರ ಕೈಯಲ್ಲೇ ಉಳಿದವು. ಆಸ್ತಿಯನ್ನು ಹರಿದು ಹಂಚದೆ ಆದಾಯವನ್ನು ಮಾತ್ರ ಹಂಚುವ ಈ ಉಪಾಯವನ್ನು ಹಲವು ಮನೆತನಗಳು ಅನುಸರಿಸಿದವು. ಒಂದು ಯಂತ್ರ, ಒಂದು ಗೋಡೆಯನ್ನೂ ಒಡೆಯದೆ ಹತ್ತು ಜನ ವಾರಸುದಾರರಿಗೆ ಪಾಲು ಸಿಗುತ್ತಿತ್ತು.

ಆದರೆ ಮನೆತನದ ಲೆಕ್ಕದಲ್ಲಿ ಕೆಲಸಗಾರರು ಸೇರಿರಲಿಲ್ಲ. ತಿಮೊಫೇಯ್ ಅವರ ಗಿರಣಿಯಲ್ಲಿ ಸಣ್ಣ ತಪ್ಪಿಗೂ ದಂಡ ಹಾಕಿ ಕೂಲಿಯ ದೊಡ್ಡ ಭಾಗ ಹಿಡಿಯುತ್ತಿದ್ದರು. 1885ರ ಜನವರಿಯಲ್ಲಿ ಸುಮಾರು 8,000 ಜನ ಕೆಲಸ ನಿಲ್ಲಿಸಿದರು. ಮರುವರ್ಷ ನ್ಯಾಯಾಲಯದಲ್ಲಿ ಪಂಚರು ಕೆಲಸಗಾರರನ್ನು ನಿರ್ದೋಷಿಗಳೆಂದರು. 1886ರಲ್ಲಿ ದಂಡಕ್ಕೆ ಮಿತಿ ಹಾಕುವ ಕಾನೂನು ಬಂತು.

1889ರಲ್ಲಿ ತಿಮೊಫೇಯ್ ತೀರಿಕೊಂಡ ಮೇಲೆ ಅಧಿಕಾರ ಪತ್ನಿ ಮರಿಯಾ ಅವರ ಕೈಗೆ ಬಂತು, ದಿನದ ಕೆಲಸ ಮಗ ಸಾವ್ವಾ ಅವರ ಹೆಗಲಿಗೆ. ಅಜ್ಜನ ಹೆಸರಿಟ್ಟುಕೊಂಡ ಈ ಸಾವ್ವಾ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಓದಿದವರು, ರಸಾಯನಶಾಸ್ತ್ರ ಬಲ್ಲವರು. ದಂಡದ ಪದ್ಧತಿ ಸಡಿಲಿಸಿ ಕೆಲಸಗಾರರ ವಸತಿ ಸುಧಾರಿಸಿದರು. ಮಾಸ್ಕೋ ಆರ್ಟ್ ಥಿಯೇಟರಿಗೂ ಬಹಳ ಹಣ ಕೊಟ್ಟರು. 1905ರಲ್ಲಿ ಲಾಭದಲ್ಲಿ ಕೆಲಸಗಾರರಿಗೂ ಪಾಲು ಕೊಡಬೇಕೆಂಬ ಅವರ ಯೋಚನೆಯನ್ನು ತಾಯಿ ಒಪ್ಪಲಿಲ್ಲ. ಹೆಚ್ಚಿನ ಪಾಲು ತಾಯಿಯ ಹೆಸರಿನಲ್ಲಿತ್ತು, ಮಗನನ್ನು ಆಡಳಿತದಿಂದ ಇಳಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ಗುಂಡು ತಗುಲಿ ಸಾವ್ವಾ ತೀರಿಕೊಂಡರು. ಆಗ ಅವರಿಗೆ 43 ವರ್ಷ.

ಇಲ್ಲಿ ಜ್ಞಾನದ ಕೊರತೆ ಇರಲಿಲ್ಲ, ಹಣದ ಕೊರತೆಯೂ ಇರಲಿಲ್ಲ. ತೀರ್ಮಾನ ಮಾಡುವ ಹಕ್ಕು ಒಬ್ಬರಲ್ಲಿ, ಕೆಲಸದ ತಿಳಿವಳಿಕೆ ಇನ್ನೊಬ್ಬರಲ್ಲಿ ಇತ್ತು. ಇಬ್ಬರೂ ಕುಳಿತು ಬಗೆಹರಿಸುವ ದಾರಿ ಮನೆಯಲ್ಲಿ ಇರಲಿಲ್ಲ.

ಉಳಿದದ್ದು ಏನು

ಕೊನೆಯ ತಲೆಮಾರಿನಲ್ಲಿ ಕೆಲವರು ಹಳೆಯ ಮತ್ತು ಹೊಸ ಜ್ಞಾನವನ್ನು ಚೆನ್ನಾಗಿ ಹೊಂದಿಸಿಕೊಂಡರು. ನಾಟಕದ ಗುರು ಎಂದು ಜಗತ್ತು ಬಲ್ಲ ಸ್ತಾನಿಸ್ಲಾವ್‌ಸ್ಕಿ ಅವರ ನಿಜವಾದ ಮನೆತನದ ಹೆಸರು ಅಲೆಕ್ಸೆಯೆವ್. ಇವರದು ಜರಿ ಎಳೆ ತಯಾರಿಸುವ ಕಾರ್ಖಾನೆಯ ಮನೆ. ರಂಗಭೂಮಿಯ ನಡುವೆಯೂ ಅವರು ಕಾರ್ಖಾನೆಯ ಆಡಳಿತ ನೋಡಿದರು, ಫ್ರಾನ್ಸಿನ ಕಾರ್ಖಾನೆಗಳನ್ನು ಕಂಡು ಬಂದು ಹೊಸ ವಿಧಾನ ತಂದರು. ರ‍್ಯಾಬುಶಿನ್ಸ್ಕಿ ಮನೆತನದ ಅಣ್ಣತಮ್ಮಂದಿರು 1899ರಲ್ಲಿ ತಂದೆ ತೀರಿಕೊಂಡ ನಂತರವೂ ಒಟ್ಟಾಗಿ ಬಟ್ಟೆಯ ಗಿರಣಿ ನಡೆಸಿ, ಬ್ಯಾಂಕು ಸ್ಥಾಪಿಸಿ, 1916ರಲ್ಲಿ ಮೋಟಾರು ವಾಹನದ ಕಾರ್ಖಾನೆಗೂ ಕೈ ಹಾಕಿದರು.

1917ರ ಕ್ರಾಂತಿಯ ನಂತರ ಎಲ್ಲವೂ ಬದಲಾಯಿತು. 1918ರ ಜೂನ್‌ನಲ್ಲಿ ದೊಡ್ಡ ಉದ್ದಿಮೆಗಳು ಸರ್ಕಾರದ ವಶವಾದವು. ಗಿರಣಿ, ಬ್ಯಾಂಕು, ಅಂಗಡಿ ಯಾವುದೂ ಮನೆತನಗಳ ಕೈಯಲ್ಲಿ ಉಳಿಯಲಿಲ್ಲ.

ಮೊದಲೇ ಸಮಾಜಕ್ಕೆ ಕೊಟ್ಟದ್ದು ಮಾತ್ರ ಅವರ ಹೆಸರಿನಲ್ಲಿ ಉಳಿಯಿತು. ಪಾವೆಲ್ ತ್ರೆತ್ಯಕೊವ್ 1892ರಲ್ಲಿ ತಮ್ಮ ಚಿತ್ರಸಂಗ್ರಹವನ್ನು, ಅದರ ಜೊತೆ ತಮ್ಮನ ಸಂಗ್ರಹವನ್ನು ಮಾಸ್ಕೋ ನಗರಕ್ಕೆ ಒಪ್ಪಿಸಿದರು. ಆ ಚಿತ್ರಶಾಲೆ ಇಂದಿಗೂ ತ್ರೆತ್ಯಕೊವ್ ಹೆಸರಿನಲ್ಲಿಯೇ ಇದೆ. ಸಾಲ ತೀರಿಸಿ ಮೇಲೆದ್ದ ಬಖ್ರೂಶಿನ್ ಸಹೋದರರು ಲಾಭ ಬಂದ ವರ್ಷ ಲೆಕ್ಕ ಮುಗಿಸುವಾಗ ಒಂದು ಮೊತ್ತವನ್ನು ದಾನಕ್ಕೆ ತೆಗೆದಿಡುವ ಪದ್ಧತಿ ಇಟ್ಟುಕೊಂಡಿದ್ದರು. 1887ರಲ್ಲಿ ಅವರ ಹಣದಿಂದ ಮಾಸ್ಕೋದಲ್ಲಿ ದೊಡ್ಡ ಆಸ್ಪತ್ರೆ ತೆರೆಯಿತು. ಅದೇ ಮನೆತನದ ಅಲೆಕ್ಸೇಯ್ ಬಖ್ರೂಶಿನ್ 1894ರಲ್ಲಿ ಆರಂಭಿಸಿದ ರಂಗಭೂಮಿ ವಸ್ತುಸಂಗ್ರಹಾಲಯವೂ ಇನ್ನೂ ಇದೆ.

ಈ ಮನೆತನಗಳ ಇತಿಹಾಸ ಓದುವ ಕುಟುಂಬಗಳು ಕೆಲವು ಸಂಗತಿಗಳನ್ನು ಗಮನಿಸಬಹುದು. ಬಂಧುತ್ವದಿಂದ ಬಂಡವಾಳವೂ ನಂಬಿಕೆಯೂ ಸಿಗುತ್ತದೆ, ಆದರೆ ತೊಲ್ಚೆನೊವ್ ಅವರಂತೆ ಲೆಕ್ಕ ಮುಚ್ಚಿಟ್ಟರೆ ಬಂಧುತ್ವ ಕಾಪಾಡುವುದಿಲ್ಲ. ಹೆಣ್ಣುಮಕ್ಕಳಿಗೆ ವ್ಯವಹಾರ ತಿಳಿದಿದ್ದ ಮನೆಗಳು ಯಜಮಾನ ಹೋದಾಗಲೂ ನಿಂತವು. ಅಜ್ಜನ ಜ್ಞಾನಕ್ಕೆ ಹೊಸ ಕಾಲದ ಜ್ಞಾನ ಸೇರಿಸಿದವರು ಮುಂದೆ ಬಂದರು. ಮೊರೊಜೊವ್ ಮನೆಯಲ್ಲಿ ಹೊಸ ತಲೆಮಾರಿಗೆ ಕೆಲಸ ಕೊಟ್ಟರು, ತೀರ್ಮಾನದಲ್ಲಿ ಪಾಲು ಕೊಡಲಿಲ್ಲ. ಹಿರಿಯರು ಇರುವಾಗಲೇ ಲೆಕ್ಕವನ್ನೂ ತೀರ್ಮಾನವನ್ನೂ ಕಿರಿಯರೊಂದಿಗೆ ಹಂಚಿಕೊಳ್ಳುವ ಕೆಲಸವನ್ನು ಮುಂದಕ್ಕೆ ಹಾಕುವುದು ಒಳ್ಳೆಯದಲ್ಲ.